ಬೈಪಾಸ್‌ಗೆ ಹಣ ಕೂಡಿಸುತ್ತೇವೆ, ಆಮೇಲಿನ ಮೂರು ತಿಂಗಳಿಗೆ ಯಾರು?

ಮಾನ್ಯ ಸಂಪಾದಕರೇ,

"ಅಷ್ಟು ದಪ್ಪ ಇದ್ದಾರೆ, ಓಪನ್ ಹಾರ್ಟ್ ಮಾಡಿಸಬೇಡಿ, ಟೇಬಲ್ ಮೇಲೇ ಹೋಗಿಬಿಡ್ತಾರೆ." ಮುಂಬಯಿಯ ನಮ್ಮ ಕನ್ನಡ, ತುಳು ಜನರ ನಡುವೆ ಈ ಮಾತು ಎಷ್ಟು ಸಲೀಸಾಗಿ ಓಡಾಡುತ್ತದೆ ಅಂದರೆ, ಮದುವೆ ಊಟದ ಪಂಕ್ತಿಯಲ್ಲಿ ಕೂತವರೂ ಹೇಳುತ್ತಾರೆ, ಯಕ್ಷಗಾನ ನೋಡಲು ಬಂದವರೂ ಹೇಳುತ್ತಾರೆ, ಆಸ್ಪತ್ರೆಗೆ ಬಂದವರು ರೋಗಿಯ ಎದುರಿಗೇ ಹೇಳಿ ಹೋಗುತ್ತಾರೆ. ನಾನು ಇಲ್ಲಿನ ಒಂದು ಆಸ್ಪತ್ರೆಯಲ್ಲಿ ಹೃದಯದ ಆಪರೇಷನ್ ಆದವರಿಗೆ ಫಿಸಿಯೋಥೆರಪಿ ಮಾಡಿಸುವವಳು. ಆಪರೇಷನ್ ಮಾಡುವವಳಲ್ಲ. ಆದರೆ ಮರುದಿನ ರೋಗಿಯನ್ನು ಮಂಚದಿಂದ ಎಬ್ಬಿಸಿ ಕೂರಿಸುವ ಕೆಲಸ ನಮ್ಮದು, ಹಾಗಾಗಿ ಯಾರಿಗೆ ಎಲ್ಲಿ ಎಡವುತ್ತದೆ ಅಂತ ಹತ್ತಿರದಿಂದ ಗೊತ್ತು. ತೂಕ ಜಾಸ್ತಿ ಇರುವವರಿಗೆ ಗಂಡಾಂತರ ಹೆಚ್ಚಾಗಿ ಕಾಯುತ್ತಿರುವುದು ಟೇಬಲ್ ಮೇಲಲ್ಲ. ಆಮೇಲಿನ ಮೂರು ತಿಂಗಳಲ್ಲಿ, ಅದೂ ಮನೆಯಲ್ಲಿ. ಅದನ್ನು ಹೇಳಲಿಕ್ಕೇ ಈ ಪತ್ರ.

ಮೊದಲು ಆ ಹೆದರಿಕೆಯ ಮಾತು ಮುಗಿಸುತ್ತೇನೆ. ಸ್ವಲ್ಪ ದಪ್ಪ, ಮಧ್ಯಮ ದಪ್ಪ ಇರುವವರು, ಹೃದಯದ ಕಟ್ಟಿಕೊಂಡ ರಕ್ತನಾಳಕ್ಕೆ ಬೇರೆ ನಾಳ ಜೋಡಿಸಿ ಬದಲಿ ದಾರಿ ಮಾಡುವ ಬೈಪಾಸ್ ಆಪರೇಷನ್‌ನಲ್ಲಿ ಸಾಯುವುದು ಸಾಮಾನ್ಯ ತೂಕದವರಿಗಿಂತ ಜಾಸ್ತಿ ಏನಿಲ್ಲ ಅಂತ ಬೇರೆ ಬೇರೆ ದೇಶಗಳ ದೊಡ್ಡ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡಿದೆ. ಕೆಲವದರಲ್ಲಿ ಕಡಿಮೆಯೇ ಇದೆ. ರಕ್ತ ನಿಲ್ಲುತ್ತಿಲ್ಲ ಅಂತ ಮತ್ತೆ ಎದೆ ತೆರೆಯಬೇಕಾಗುವುದೂ ಇವರಲ್ಲಿ ಕಡಿಮೆ. ನಿಜವಾದ ಕಷ್ಟ ಎರಡು ತುದಿಗಳಲ್ಲಿ: ತೀರಾ ಸಣಕಲು ಇರುವವರು, ಮತ್ತು ಬಿಎಂಐ, ಅಂದರೆ ಎತ್ತರಕ್ಕೆ ಹೋಲಿಸಿದ ತೂಕದ ಅಳತೆ, 40 ದಾಟಿದವರು. ಲೆಕ್ಕಕ್ಕೆ ಹೇಳುವುದಾದರೆ, 165 ಸೆಂಟಿಮೀಟರ್ ಎತ್ತರದ ಮನುಷ್ಯ 68 ಕಿಲೋ ದಾಟಿದರೆ ಭಾರತೀಯರ ಅಳತೆಯಲ್ಲಿ ಬೊಜ್ಜು. ಅದು ಬಿಎಂಐ 25. ಹೊರದೇಶದವರ ಅಳತೆಯ 30ಕ್ಕೆ ಅದೇ ಮನುಷ್ಯ 82 ಕಿಲೋ ಆಗಬೇಕು, 40ಕ್ಕೆ 109. ನಮಗೆ ಅಳತೆ ಕೆಳಗಿಟ್ಟಿದ್ದಕ್ಕೆ ಕಾರಣ ಇದೆ, ನಮ್ಮವರಿಗೆ ಹೊಟ್ಟೆಯ ಸುತ್ತಲಿನ ಕೊಬ್ಬು, ಅದರ ಹಿಂದೆಯೇ ಶುಗರ್, ಎರಡೂ ಕಡಿಮೆ ತೂಕದಲ್ಲೇ ಶುರುವಾಗುತ್ತವೆ.

ಇದನ್ನು ಓದಿ, ಹಾಗಾದ್ರೆ ದಪ್ಪ ಇದ್ರೆ ಒಳ್ಳೇದೇ ಅಲ್ವಾ ಅಂತ ಯಾರೂ ಇನ್ನೊಂದು ಪ್ಲೇಟ್ ಬನ್ಸ್ ತರಿಸಬೇಡಿ. ದಪ್ಪ ಇರುವವರಿಗೆ ಹೃದಯದ ಕಾಯಿಲೆ ಬೇಗ ಬರುತ್ತದೆ, ಆಪರೇಷನ್‌ಗೆ ಬರುವಾಗ ವಯಸ್ಸು ಕಡಿಮೆ ಇರುತ್ತದೆ, ತಡೆದುಕೊಳ್ಳುತ್ತಾರೆ. ಇದೂ ಒಂದು ಕಾರಣ ಇರಬಹುದು.

ಈಗ ಎದೆ ಮೂಳೆಯ ವಿಷಯ. ಹೃದಯ ತಲುಪಲು ಡಾಕ್ಟರು ಎದೆಯ ನಡುವಿನ ಮೂಳೆಯನ್ನು ಮೇಲಿಂದ ಕೆಳಗೆ ಗರಗಸದಲ್ಲಿ ಸೀಳುತ್ತಾರೆ, ಕೆಲಸ ಮುಗಿದ ಮೇಲೆ ಸ್ಟೀಲ್ ತಂತಿ ಹಾಕಿ ಬಿಗಿಯುತ್ತಾರೆ. ಮೇಲಿನ ಚರ್ಮ ಎರಡು ಮೂರು ವಾರಕ್ಕೆ ಕೂಡಿಕೊಂಡು, ನೋಡಿದವರಿಗೆ ಎಲ್ಲ ವಾಸಿಯಾದ ಹಾಗೆ ಕಾಣುತ್ತದೆ. ಮೂಳೆ ಕೂಡಲು ಆರರಿಂದ ಎಂಟು ವಾರ ಬೇಕು, ಗಟ್ಟಿಯಾಗಲು ಮೂರು ತಿಂಗಳು. ಅಲ್ಲಿಯವರೆಗೆ ಎರಡು ಹೋಳನ್ನು ಹಿಡಿದಿಟ್ಟಿರುವುದು ಆ ತಂತಿಗಳೇ. ಭಾರದ ಮೈಯವರು ಕೆಮ್ಮಿದಾಗ, ಮಗ್ಗುಲು ಬದಲಿಸಿದಾಗ, ಎದೆಯ ಮತ್ತು ಹೊಟ್ಟೆಯ ತೂಕ ಎರಡೂ ಕಡೆಗೆ ಜಗ್ಗುತ್ತದೆ. ತುಂಬಿ ತುಳುಕುವ ಅಕ್ಕಿ ಮೂಟೆಯ ಹೊಲಿಗೆಯನ್ನು ನೆನೆಸಿಕೊಳ್ಳಿ. ಜೊತೆಗೆ ಕೊಬ್ಬಿನ ಪದರಕ್ಕೆ ರಕ್ತ ಸರಿಯಾಗಿ ಹರಿಯುವುದಿಲ್ಲ, ಆದ್ದರಿಂದ ಗಾಯ ಮಾಯುವುದು ನಿಧಾನ, ಕೀವಾಗುವುದು ಬೇಗ. ಶುಗರ್ ಇದ್ದರೆ, ಬೀಡಿ ಸಿಗರೇಟು ಸೇದುತ್ತಿದ್ದರೆ, ಎದೆಯ ಒಳಗಿನ ಎರಡೂ ಬದಿಯ ರಕ್ತನಾಳಗಳನ್ನು ಬೈಪಾಸ್‌ಗೆ ತೆಗೆದಿದ್ದರೆ ಇನ್ನೂ ಕಷ್ಟ, ಯಾಕೆಂದರೆ ಆ ಮೂಳೆಗೆ ರಕ್ತ ಕೊಡುವುದೂ ಅವೇ ನಾಳಗಳು. ಮೂಳೆಯವರೆಗೆ ಇಳಿಯುವ ಸೋಂಕು ಒಟ್ಟಾರೆ ನೂರರಲ್ಲಿ ಒಬ್ಬರಿಗೋ ಮೂವರಿಗೋ ಆಗುವಂಥದ್ದು. ದಪ್ಪ ಇರುವವರಲ್ಲಿ ಅದು ಹೆಚ್ಚುಕಡಿಮೆ ದುಪ್ಪಟ್ಟು.

ಇದರಲ್ಲಿ ಆಸ್ಪತ್ರೆಯವರ ಪಾಲೂ ಇದೆ. ಆಪರೇಷನ್ ಮುಂಚೆ ಕೊಡುವ ಆ್ಯಂಟಿಬಯಾಟಿಕ್ ತೂಕಕ್ಕೆ ತಕ್ಕಂತೆ ಇರಬೇಕು. ಸಾಮಾನ್ಯವಾಗಿ ಬಳಸುವ ಸೆಫಾಜೊಲಿನ್ ವಯಸ್ಕರಿಗೆ 2 ಗ್ರಾಂ, 120 ಕಿಲೋ ಅಥವಾ ಅದಕ್ಕಿಂತ ಜಾಸ್ತಿ ಇದ್ದವರಿಗೆ 3 ಗ್ರಾಂ. ರಕ್ತದ ಸಕ್ಕರೆ 180ರ ಒಳಗಿರುವಂತೆ ಇನ್ಸುಲಿನ್ ಕೊಡಬೇಕು. ಎದೆಯ ಕೂದಲನ್ನು ಬ್ಲೇಡಿನಿಂದ ಹೆರೆಯದೆ ಮೆಷಿನ್‌ನಲ್ಲಿ ಕತ್ತರಿಸಬೇಕು. ಒಳ್ಳೆ ಕಡೆ ಇದೆಲ್ಲ ಆಗುತ್ತದೆ. ಕೇಳಿದರೆ ತಪ್ಪೇನಿಲ್ಲ, ಯಾರೂ ಬೈಯುವುದಿಲ್ಲ.

ಮನೆಗೆ ಹೋದ ಮೇಲೆ ಏನಾಗುತ್ತದೆ ಅನ್ನುವುದಕ್ಕೆ ಒಂದು ಉದಾಹರಣೆ. ಘಾಟ್ಕೋಪರ್ ಕಡೆಯ ಒಬ್ಬ ಹೋಟೆಲ್ ಧಣಿಗಳು, ನೂರು ಕಿಲೋ ಮೀರಿದ ಆಸಾಮಿ, ಶುಗರ್ ಬೇರೆ. ಬೈಪಾಸ್ ಚೆನ್ನಾಗಿ ಆಯಿತು, ನಡೆದುಕೊಂಡೇ ಮನೆಗೆ ಹೋದರು. ಎರಡನೇ ವಾರಕ್ಕೆ ಗಲ್ಲಾದಲ್ಲಿ ಸುಮ್ನೆ ಕೂತು ಬರ್ತೇನೆ ಅಂತ ಹೋದವರು ಹುಡುಗರು ತಡ ಮಾಡಿದ್ದಕ್ಕೆ ತಾವೇ ಶಟರ್ ಎತ್ತಿದ್ದಾರೆ. ಆಮೇಲೆ ಎದೆಯಲ್ಲಿ ಕಟ್ ಕಟ್ ಶಬ್ದ. ಮನೆಯವರು ವಾಯು ಇರಬೇಕು ಅಂತ ಬಿಸಿ ಎಣ್ಣೆ ಹಚ್ಚಿದರು. ನಾಲ್ಕು ದಿನಕ್ಕೆ ಹೊಲಿಗೆಯ ಕೆಳತುದಿಯಲ್ಲಿ ನಸು ಕೆಂಪು ನೀರು ಒಸರಿ ಬನಿಯನ್ ಒದ್ದೆಯಾಯಿತು. ನಮ್ಮಲ್ಲಿಗೆ ಬಂದಾಗ ನಗುತ್ತಲೇ ಇದ್ದರು. "ನೋವೇನಿಲ್ಲ ಮಾರಾಯ್ರೆ, ಶಬ್ದ ಮಾತ್ರ ಬರ್ತದೆ." ಎದೆಯ ಮೇಲೆ ಎರಡು ಬೆರಳಿಟ್ಟು ಕೆಮ್ಮಲು ಹೇಳಿದರೆ, ಮೂಳೆಯ ಎರಡು ಅಂಚು ಒಂದರ ಮೇಲೊಂದು ಉಜ್ಜುವುದು ಬೆರಳಿಗೇ ತಿಳಿಯುತ್ತಿತ್ತು. ಮತ್ತೆ ಎದೆ ತೆರೆದು, ತೊಳೆದು, ಗಾಯದ ಕೊಳೆ ಹೀರುವ ವ್ಯಾಕ್ಯೂಮ್ ಡ್ರೆಸ್ಸಿಂಗ್ ಕಟ್ಟಿ, ಕೊನೆಗೆ ಎದೆಯ ಸ್ನಾಯುವನ್ನೇ ಸರಿಸಿ ಗಾಯದ ಮೇಲೆ ಹೊದಿಸಬೇಕಾಯಿತು. ವಾರಗಟ್ಟಲೆ ಆ್ಯಂಟಿಬಯಾಟಿಕ್. ಈಗ ಚೆನ್ನಾಗಿದ್ದಾರೆ. ಆದರೆ ಎರಡನೇ ಸಲದ ಬಿಲ್ಲು ಮೊದಲನೆಯದಕ್ಕಿಂತ ದೊಡ್ಡದಾಗಿತ್ತು.

ಹಾಗಾಗಿ ಎದೆಯಲ್ಲಿ ಶಬ್ದ, ಗಾಯದಿಂದ ನೀರು, ಜ್ವರ, ಗಾಯದ ಸುತ್ತ ಕೆಂಪು, ಕಡಿಮೆಯಾಗುತ್ತಿದ್ದ ನೋವು ಮತ್ತೆ ಜಾಸ್ತಿಯಾಗುವುದು, ಇವುಗಳಲ್ಲಿ ಯಾವುದೊಂದು ಕಂಡರೂ ಫ್ಯಾಮಿಲಿ ಡಾಕ್ಟರ ಹತ್ತಿರ ಹೋಗಿ ಮುಲಾಮು ಬರೆಸಿಕೊಳ್ಳಬೇಡಿ. ಆಪರೇಷನ್ ಮಾಡಿದ ಕಡೆಗೇ ಹೋಗಿ, ಅವತ್ತೇ ಹೋಗಿ.

ಮಂಚದಿಂದ ಏಳಿಸುವುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಮನೆಗಳಲ್ಲಿ ಜಾಸ್ತಿ ಕೆಡುವುದು ಇಲ್ಲೇ. ಮಗ ಒಂದು ಕಡೆ, ಅಳಿಯ ಒಂದು ಕಡೆ ನಿಂತು ರಟ್ಟೆ ಹಿಡಿದು ಎಳೆದು ಕೂರಿಸುತ್ತಾರೆ. ಪ್ರೀತಿಯಿಂದಲೇ ಮಾಡುವುದು. ಆದರೆ ಆಗ ತಾನೇ ತಂತಿ ಬಿಗಿದ ಮೂಳೆಯನ್ನು ಎಡಕ್ಕೂ ಬಲಕ್ಕೂ ಜಗ್ಗಿದ ಹಾಗೆ ಅದು. ಸರಿಯಾದ ರೀತಿ ಹೀಗೆ: ರೋಗಿ ಮೊಣಕಾಲು ಮಡಚಬೇಕು, ಒಂದು ಗಟ್ಟಿ ದಿಂಬನ್ನು ಎರಡೂ ಕೈಯಲ್ಲಿ ಎದೆಗೆ ಅವುಚಿಕೊಳ್ಳಬೇಕು, ಮೈಯನ್ನು ಇಡಿಯಾಗಿ ಪಕ್ಕಕ್ಕೆ ಹೊರಳಿಸಬೇಕು, ಕಾಲನ್ನು ಮಂಚದಿಂದ ಕೆಳಗೆ ಇಳಿಬಿಡಬೇಕು. ಕಾಲಿನ ಭಾರ ಕೆಳಗಿಳಿಯುತ್ತಿದ್ದಂತೆ ಮೇಲ್ಮೈ ತಾನಾಗಿ ಏಳಲು ಹೊರಡುತ್ತದೆ. ಸಹಾಯ ಮಾಡುವವರು ಬೆನ್ನಿನ ಹಿಂದೆ, ಭುಜದ ಮೂಳೆಯ ಕೆಳಗೆ ಅಂಗೈ ಕೊಟ್ಟು ಒತ್ತಿದರೆ ಸಾಕು. ಕೈ ಹಿಡಿದು ಎಳೆಯುವ ಹಾಗಿಲ್ಲ. ಕೂತ ಮೇಲೆ ತಕ್ಷಣ ನಿಲ್ಲಿಸಬೇಡಿ, ತಲೆ ಸುತ್ತುತ್ತದೆ, ಒಂದೆರಡು ನಿಮಿಷ ಹಾಗೇ ಕೂರಲಿ. ಕೆಮ್ಮುವಾಗ, ಸೀನುವಾಗ, ನಗುವಾಗಲೂ ಅದೇ ದಿಂಬು. ಸೋಫಾದಲ್ಲಿ ಕೂರಿಸಬೇಡಿ, ಒಳಗೆ ಹೂತು ಹೋದವರನ್ನು ಎಬ್ಬಿಸಲು ಮತ್ತೆ ಎಳೆಯಬೇಕಾಗುತ್ತದೆ. ಎತ್ತರದ ಗಟ್ಟಿ ಕುರ್ಚಿ ಇರಲಿ.

ಹೆಂಗಸರ ವಿಷಯ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಅದಕ್ಕೇ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ಸ್ತನದ ಭಾರ ಹೊಲಿಗೆಯನ್ನು ಎರಡೂ ಬದಿಗೆ, ಕೆಳಕ್ಕೆ ಎಳೆಯುತ್ತದೆ. ಮುಂದೆ ಹುಕ್ ಇರುವ, ಒಳಗೆ ತಂತಿ ಇಲ್ಲದ, ಸರಿಯಾಗಿ ಎತ್ತಿ ಹಿಡಿಯುವ ಬ್ರಾ ಹಗಲೂ ರಾತ್ರಿಯೂ ಹಾಕಿಕೊಂಡಿರಬೇಕು. ನೋವು ಅಂತ ಹೆಚ್ಚಿನವರು ನೈಟಿ ಒಂದರಲ್ಲೇ ಇದ್ದುಬಿಡುತ್ತಾರೆ. ಸ್ತನದ ಕೆಳಗಿನ ಮಡಿಕೆಯಲ್ಲಿ ಮುಂಬಯಿಯ ಈ ಸೆಕೆಗೆ ಬೆವರು ನಿಂತು ಹುಣ್ಣಾಗುತ್ತದೆ, ಗಾಯದ ಕೆಳತುದಿ ಇರುವುದೂ ಅಲ್ಲೇ ಹತ್ತಿರ. ಸ್ನಾನವಾದ ಮೇಲೆ ಮೆತ್ತನೆ ಬಟ್ಟೆಯಿಂದ ಒತ್ತಿ ಒಣಗಿಸಿ. ಪೌಡರ್ ಸುರಿಯಬೇಡಿ. ಡಿಸ್ಚಾರ್ಜ್ ದಿನ ಡಾಕ್ಟರು ಮಗನ ಹತ್ತಿರ ಇದನ್ನೆಲ್ಲ ಹೇಳುವುದಿಲ್ಲ, ಹೇಳಿದರೂ ಮಗ ಅಮ್ಮನಿಗೆ ಹೇಳುವುದಿಲ್ಲ. ಸೊಸೆಯೋ ಮಗಳೋ ಆ ದಿನ ಜೊತೆಗಿರಬೇಕು.

ಎರಡನೆಯದು ಶ್ವಾಸಕೋಶ. ಹೊಟ್ಟೆ ದೊಡ್ಡದಿದ್ದವರು ಅಂಗಾತ ಮಲಗಿದರೆ ಹೊಟ್ಟೆ ಮೇಲಕ್ಕೆ ಒತ್ತಿ ಶ್ವಾಸಕೋಶದ ಕೆಳಭಾಗ ಮುದುಡಿಕೊಳ್ಳುತ್ತದೆ. ಎದೆ ನೋವಿಗೆ ಉಸಿರು ಮೇಲೆ ಮೇಲೆ ಎಳೆಯುತ್ತಾರೆ, ಕೆಮ್ಮಲು ಹೆದರುತ್ತಾರೆ, ಕಫ ಕಟ್ಟುತ್ತದೆ, ಆಮೇಲೆ ನ್ಯುಮೋನಿಯಾ. ಇಂಥವರಿಗೆ ವೆಂಟಿಲೇಟರ್ ಬಿಡಿಸುವುದೂ ಕೆಲವೊಮ್ಮೆ ತಡವಾಗುತ್ತದೆ. ಅದಕ್ಕೇ ನಾವು ಮರುದಿನವೇ ಎಬ್ಬಿಸಿ ಕೂರಿಸುವುದು. "ಪಾಪ, ನಿನ್ನೆ ತಾನೇ ಎದೆ ಕೊಯ್ದಿದ್ದಾರೆ, ಮಲಗಲಿ ಬಿಡಮ್ಮ" ಅಂತ ಸಂಬಂಧಿಕರು ನಮ್ಮನ್ನು ಗದರಿಸುತ್ತಾರೆ. ಬೇಜಾರಿಲ್ಲ, ಆದರೆ ಮಲಗಿದಷ್ಟೂ ಕೆಡುತ್ತದೆ. ಮೂರು ಚೆಂಡಿನ ಪ್ಲಾಸ್ಟಿಕ್ ಉಪಕರಣ ಕೊಡುತ್ತಾರಲ್ಲ, ಅದನ್ನು ಮನೆಗೆ ಹೋದವರಲ್ಲಿ ಎಷ್ಟೋ ಜನ ಪೀಪಿ ಊದಿದ ಹಾಗೆ ಊದುತ್ತಾರೆ. ಊದುವುದಲ್ಲ. ಬಾಯಿಯಿಂದ ಉಸಿರನ್ನು ನಿಧಾನವಾಗಿ ಒಳಗೆ ಎಳೆಯಬೇಕು, ಚೆಂಡು ಮೇಲೇರಿದಾಗ ಎರಡು ಮೂರು ಸೆಕೆಂಡು ಹಿಡಿದು ಬಿಡಬೇಕು. ಎಚ್ಚರ ಇರುವಾಗ ಗಂಟೆಗೆ ಹತ್ತು ಸಲ. ಮಲಗುವಾಗ ತಲೆಯ ಕಡೆ ಎತ್ತರಿಸಿಕೊಳ್ಳಿ.

ಗೊರಕೆಯ ವಿಷಯ ಆಪರೇಷನ್ ಮುಂಚೆಯೇ ಹೇಳಬೇಕು. ರಾತ್ರಿ ಗೊರಕೆ ಹೊಡೆಯುತ್ತಾ ಮಧ್ಯೆ ಉಸಿರು ನಿಂತು, ಮತ್ತೆ ಗಕ್ಕನೆ ಎಳೆದುಕೊಳ್ಳುವ ಅಭ್ಯಾಸ ದಪ್ಪ ಇರುವವರಲ್ಲಿ ತುಂಬಾ. ಇದು ರೋಗಿಗೆ ಗೊತ್ತಿರುವುದಿಲ್ಲ, ಪಕ್ಕದಲ್ಲಿ ಮಲಗುವ ಹೆಂಡತಿಗೆ ಗೊತ್ತಿರುತ್ತದೆ. ನೋವಿಗೆ ಕೊಡುವ ಮಾರ್ಫಿನ್ ಥರದ ಔಷಧಿಗಳು ಉಸಿರನ್ನು ಇನ್ನೂ ಮಂದ ಮಾಡುತ್ತವೆ. ಮೊದಲೇ ಗೊತ್ತಿದ್ದರೆ ಅರಿವಳಿಕೆ ಡಾಕ್ಟರು ತಯಾರಾಗಿರುತ್ತಾರೆ. ನಿದ್ದೆಯಲ್ಲಿ ಉಸಿರು ನಿಲ್ಲದಂತೆ ಮಾಸ್ಕಿನಿಂದ ಗಾಳಿ ಒತ್ತುವ ಸಿಪ್ಯಾಪ್ ಮೆಷಿನ್ ಮನೆಯಲ್ಲಿ ಬಳಸುವವರಾದರೆ ಅದನ್ನು ಆಸ್ಪತ್ರೆಗೆ ತೆಗೆದುಕೊಂಡೇ ಹೋಗಿ. ತೂಕ ಇಳಿಸಲು ವಾರಕ್ಕೊಂದು ಇಂಜೆಕ್ಷನ್ ತೆಗೆದುಕೊಳ್ಳುವವರು ಈಗ ಮುಂಬಯಿಯಲ್ಲಿ ಜಾಸ್ತಿಯಾಗಿದ್ದಾರೆ, ಅದನ್ನೂ ಮುಚ್ಚಿಡಬೇಡಿ. ಹೊಟ್ಟೆ ಖಾಲಿಯಾಗುವುದು ಅದರಿಂದ ನಿಧಾನವಾಗುತ್ತದೆ, ಅರಿವಳಿಕೆ ಕೊಡುವವರಿಗೆ ಅದು ಬೇಕಾದ ಮಾಹಿತಿ.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ಬೈಪಾಸ್ ಆದ ಎರಡು ಮೂರನೇ ದಿನ ಹೃದಯ ತಾಳ ತಪ್ಪಿ ಹೊಡೆದುಕೊಳ್ಳುವುದು ನೂರರಲ್ಲಿ 20ರಿಂದ 40 ಜನಕ್ಕೆ ಆಗುತ್ತದೆ, ದಪ್ಪ ಇರುವವರಲ್ಲಿ ಇನ್ನೂ ಜಾಸ್ತಿ. ಔಷಧಿಗೆ ಬಗ್ಗುತ್ತದೆ, ಆದರೆ ಮಾತ್ರೆಯನ್ನು ನೀವೇ ನಿಲ್ಲಿಸಬಾರದು. ಕಿಡ್ನಿಗೆ ಪೆಟ್ಟು ಬೀಳುವ ಸಂಭವವೂ ಇವರಿಗೆ ಹೆಚ್ಚು, ಹಾಗಾಗಿ ನೋವು ಅಂತ ಮೆಡಿಕಲ್ ಅಂಗಡಿಯಿಂದ ಐಬುಪ್ರೊಫೆನ್, ಡೈಕ್ಲೊಫೆನಾಕ್ ತಂದು ನುಂಗಬೇಡಿ. ಬೈಪಾಸ್ ಮಾಡಲು ಕಾಲಿನ ರಕ್ತನಾಳ ತೆಗೆದ ಗಾಯ ತೊಡೆಯ ಮಡಿಕೆಯಲ್ಲಿ ಕೀವಾಗುವುದುಂಟು. ಮೀನಖಂಡ ಒಂದೇ ಕಡೆ ಊದಿ ನೋಯುತ್ತಿದ್ದರೆ, ಇದ್ದಕ್ಕಿದ್ದಂತೆ ಉಸಿರು ಕಟ್ಟಿದರೆ, ಅದು ರಕ್ತ ಹೆಪ್ಪುಗಟ್ಟಿದ್ದಿರಬಹುದು, ಕಾಯಬೇಡಿ. ದಿನಾ ಬೆಳಿಗ್ಗೆ ತೂಕ ನೋಡಿ ಬರೆದಿಡಿ. ಎರಡು ದಿನಕ್ಕೆ ಎರಡು ಕಿಲೋ ಏರಿದರೆ ಅದು ಕೊಬ್ಬಲ್ಲ, ಮೈಯಲ್ಲಿ ನೀರು ನಿಲ್ಲುತ್ತಿದೆ ಅಂತ ಅರ್ಥ, ಫೋನ್ ಮಾಡಿ ಡಾಕ್ಟರಿಗೆ ತಿಳಿಸಿ.

ಊಟದ ವಿಷಯಕ್ಕೆ ಬಂದರೆ ನಮ್ಮ ಮನೆಗಳಲ್ಲಿ ಎರಡು ಅತಿರೇಕ. ಒಂದು, ಊರಿಂದ ಬಂದ ಅತ್ತೆ ದೊಡ್ಡಮ್ಮಂದಿರ ತುಪ್ಪದ ಉಪಚಾರ. ಇನ್ನೊಂದು, ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ, ಸುಟ್ಟ ಹಪ್ಪಳ, ತಿಂಗಳುಗಟ್ಟಲೆ ಅದೇ. ಗಂಜಿ ಹಗುರ ನಿಜ, ಆದರೆ ಗಾಯ ಮಾಯಲು ಬೇಕಾದ ಪ್ರೋಟೀನ್ ಅದರಲ್ಲಿ ಎಲ್ಲಿದೆ? ಮೇಲಿಂದ ಉಪ್ಪಿನಕಾಯಿ ಹಪ್ಪಳದ ಉಪ್ಪು. ಗಂಜಿಯನ್ನೇ ಕೊಡುವುದಾದರೆ ಅರ್ಧ ಬಟ್ಟಲು ಸಾಕು, ಪಕ್ಕದಲ್ಲಿ ದಪ್ಪಗೆ ಬೇಯಿಸಿದ ಹೆಸರುಬೇಳೆ, ಮೊಸರು, ಮೊಟ್ಟೆಯ ಬಿಳಿ, ತಿನ್ನುವವರಿಗೆ ಕಡಿಮೆ ಎಣ್ಣೆಯ ಬಂಗುಡೆ ಮೀನಿನ ಗಸಿ. ಹೆದರಿಕೊಂಡು ಆಸ್ಪತ್ರೆಯಿಂದ ಬಂದ ದಿನವೇ ಉಪವಾಸ ಶುರು ಮಾಡುವವರೂ ಇದ್ದಾರೆ. ತೂಕ ಇಳಿಸಲೇಬೇಕು, ಆದರೆ ಮೂಳೆ ಕೂಡುವ ಮೊದಲ ಎಂಟು ವಾರ ಅದಕ್ಕೆ ಸಮಯವಲ್ಲ. ಸಕ್ಕರೆ, ಮೈದಾ, ಕರಿದಿದ್ದು ಬಿಟ್ಟರೆ ಅಷ್ಟು ದಿನಕ್ಕೆ ಸಾಕು. ಆಮೇಲೆ ನಿಧಾನವಾಗಿ.

ಮತ್ತೆ ಈ ಊರು. ಲಿಫ್ಟ್ ಇಲ್ಲದ ನಾಲ್ಕು ಮಹಡಿಯ ಹಳೇ ಬಿಲ್ಡಿಂಗ್, ಚಾಳಿನ ಕಡೆಯಲ್ಲಿರುವ ಕುಕ್ಕರಗಾಲಿನ ಶೌಚಾಲಯ, ಲೋಕಲ್ ಟ್ರೇನು. ಮೆಟ್ಟಿಲು ಹತ್ತಬಹುದು, ಒಂದೊಂದಾಗಿ, ನಡುವೆ ನಿಂತು, ಆದರೆ ಕಟಾಂಜನ ಹಿಡಿದು ಮೈಯನ್ನು ಮೇಲಕ್ಕೆ ಎಳೆದುಕೊಳ್ಳಬಾರದು. ಕುಕ್ಕರಗಾಲಿನಲ್ಲಿ ಕೂತು ಏಳುವುದು ಭಾರದ ಮೈಗೆ ಕೈ ಊರದೆ ಆಗುವುದೇ ಇಲ್ಲ, ಕಮೋಡ್ ಕುರ್ಚಿ ಬೇಕೇ ಬೇಕು. ಇನ್ನು ಲೋಕಲ್‌ನಲ್ಲಿ ಮೇಲಿನ ಹಿಡಿ ಹಿಡಿದು ನೇತಾಡುವುದು ಮೂರು ತಿಂಗಳು ಕನಸಿನಲ್ಲೂ ಬೇಡ.

ಈಗ ನನ್ನ ದೂರು. ನಮ್ಮ ಕನ್ನಡ, ತುಳು ಸಂಘಗಳು ಬಿಪಿ ಶುಗರ್ ತಪಾಸಣೆಯ ಶಿಬಿರ ನಡೆಸುತ್ತವೆ. ಯಾರಿಗಾದರೂ ಬೈಪಾಸ್ ಆಗಬೇಕು ಅಂದರೆ ಚಂದಾ ಎತ್ತಿ ಕೊಡುತ್ತವೆ, ಸರ್ಕಾರದ ಆರೋಗ್ಯ ವಿಮೆಯಾದ ಮಹಾತ್ಮ ಫುಲೆ ಜನ ಆರೋಗ್ಯ ಯೋಜನೆಯ ಕಾಗದಪತ್ರಕ್ಕೂ ಓಡಾಡುತ್ತವೆ. ದೊಡ್ಡ ಕೆಲಸ, ಸಣ್ಣದು ಅನ್ನುತ್ತಿಲ್ಲ. ದೇಶದ ಮೊದಲ ಹೃದಯ ಕಸಿ 1968ರಲ್ಲಿ ಇದೇ ಊರಿನ ಕೆಇಎಂ ಆಸ್ಪತ್ರೆಯಲ್ಲಿ ಡಾ. ಪಿ. ಕೆ. ಸೇನ್ ಅವರಿಂದ ಆಯಿತು, ಆ ರೋಗಿ ಕೆಲವೇ ಗಂಟೆ ಬದುಕಿದರು. ಇವತ್ತು ಅದೇ ಊರಿನಲ್ಲಿ ಬೈಪಾಸ್ ದಿನನಿತ್ಯದ ಕೆಲಸ, ಒಂದು ವಾರಕ್ಕೆ ಮನೆ. ಆಪರೇಷನ್ ಇಷ್ಟು ದೂರ ಬಂದಿದೆ, ಮನೆಯ ಆರೈಕೆ ಮಾತ್ರ ಎಣ್ಣೆ ತಿಕ್ಕುವಲ್ಲೇ ನಿಂತಿದೆ. ವ್ಯಾಯಾಮ ಕಲಿಸುವ ಕಾರ್ಡಿಯಾಕ್ ರಿಹ್ಯಾಬ್ ಕೆಲವು ದೊಡ್ಡ ಆಸ್ಪತ್ರೆಗಳಲ್ಲಿದೆ, ಅದು ಮತ್ತೆ ಆಸ್ಪತ್ರೆ ಸೇರುವುದನ್ನು ಕಡಿಮೆ ಮಾಡುತ್ತದೆ ಅಂತ ಚೆನ್ನಾಗಿ ಸಾಬೀತಾಗಿದೆ. ಆದರೆ ಕಲ್ಯಾಣದಿಂದಲೋ ನಾಲಾಸೋಪಾರದಿಂದಲೋ ವಾರಕ್ಕೆ ಮೂರು ಸಲ ಟ್ಯಾಕ್ಸಿ ಮಾಡಿಕೊಂಡು ಯಾರು ಹೋಗುತ್ತಾರೆ? ಹೋಗುವುದಿಲ್ಲ. ಡಿಸ್ಚಾರ್ಜ್ ಕಾಗದ ಇಂಗ್ಲಿಷಿನಲ್ಲಿ ಇರುತ್ತದೆ, ಹೇಳುವ ನರ್ಸಿಗೆ ಐದು ನಿಮಿಷವೂ ಇರುವುದಿಲ್ಲ, ನೋಡಿಕೊಳ್ಳಬೇಕಾದ ಹೆಂಡತಿ ಬಾಗಿಲ ಹತ್ತಿರ ಚೀಲ ಹಿಡಿದು ನಿಂತಿರುತ್ತಾರೆ.

ಸಂಘಗಳು ದೊಡ್ಡದೇನೂ ಮಾಡಬೇಕಿಲ್ಲ. ನಾಲ್ಕು ಕಮೋಡ್ ಕುರ್ಚಿ, ಭಾರ ತಡೆಯುವಂಥವು, ಅಗ್ಗದವು ನೂರು ಕಿಲೋಗೆ ಮುರಿಯುತ್ತವೆ. ನಾಲ್ಕು ಎತ್ತರದ ಕುರ್ಚಿ. ಬೇಕಾದವರು ಮೂರು ತಿಂಗಳು ಒಯ್ದು ವಾಪಸ್ ಕೊಡಲಿ. ಬೈಪಾಸ್ ಆಗಿ ಗುಣವಾದವರು ಪ್ರತಿ ಉಪನಗರದಲ್ಲೂ ಇದ್ದಾರೆ, ಅವರು ಹೊಸದಾಗಿ ಆದವರ ಮನೆಗೆ ಹೋಗಿ ಕೂತು ಮಾತಾಡಲಿ, ಸಂಜೆ ಜೊತೆಗೆ ನಾಲ್ಕು ಹೆಜ್ಜೆ ನಡೆಯಲಿ. ಆಪರೇಷನ್ ಆದ ಮೇಲೆ ಎಷ್ಟೋ ಗಂಡಸರು ಮಂಕಾಗುತ್ತಾರೆ, ಸುಮ್ನೆ ಅಳುತ್ತಾರೆ, ಮನೆಯವರಿಗೆ ದಿಕ್ಕು ತೋಚುವುದಿಲ್ಲ. ಅದೇ ದಾರಿ ದಾಟಿ ಬಂದವರು ಹೇಳಿದರೆ ಕೇಳುತ್ತಾರೆ. ಸಂಪಾದಕರೇ, ನೀವೂ ಮಂಚದಿಂದ ಏಳುವ ರೀತಿಯನ್ನು ಚಿತ್ರ ಸಮೇತ ಒಂದು ಭಾನುವಾರ ಅಚ್ಚು ಹಾಕಿ. ಚಿತ್ರಕ್ಕೆ ಬೇಕಾದ ವಿವರ ನಾನು ಕೊಡುತ್ತೇನೆ.

ಸಂಘದ ಸಭಾಗೃಹ ಒಂದೆರಡು ಗಂಟೆ ಬಿಟ್ಟುಕೊಟ್ಟರೆ ಬಂದು ಮನೆಯವರಿಗೆ ಇದನ್ನೆಲ್ಲ ಮಾಡಿ ತೋರಿಸಲು ನಾನು ತಯಾರು, ದುಡ್ಡು ಬೇಡ. ನನಗೆ ರಜೆ ಭಾನುವಾರ ಮಾತ್ರ. ಡೊಂಬಿವಲಿ, ಠಾಣೆ, ಮುಲುಂಡ್ ಆದರೆ ಸುಲಭ. ವಿರಾರ್ ಕಡೆಯವರು, ಹಳಿ ದುರಸ್ತಿಗೆ ಲೋಕಲ್ ನಿಲ್ಲಿಸುವ ಮೆಗಾಬ್ಲಾಕ್ ಇಲ್ಲದ ಭಾನುವಾರ ನೋಡಿ ಕರೆಯಿರಿ.

— ಒಬ್ಬ ಫಿಸಿಯೋಥೆರಪಿಸ್ಟ್, ಡೊಂಬಿವಲಿ ಪೂರ್ವ